ಗಾಯಗೊಂಡ ಚಿಗರಿ, ಚಿರತೆಗಳಿಗೆ ಸಂಚಾರಿ ಚಿಕಿತ್ಸಾ ವಾಹನ: ಹಾವೇರಿ–ಗದಗ ಭಾಗದಲ್ಲಿ ಹೇಗೆ ಸಾಧ್ಯ?

ಪ್ರಶ್ನೆ: ರಾಣೆಬೆನ್ನೂರು ತಾಲ್ಲೂಕಿನ ರೈತ

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಕೃಷ್ಣಮೃಗ ಅಭಯಾರಣ್ಯದ ಅಂಚಿಗೇ ಇದೆ. ಗೋವಿನಜೋಳ ಗೇಣುದ್ದ ಆಗುವ ಹೊತ್ತಿಗೆ ಚಿಗರಿಯ (ಕೃಷ್ಣಮೃಗದ) ಹಿಂಡು ಇಳಿಯುವುದು, ಅವುಗಳ ಬೆನ್ನಿಗೆ ಊರ ನಾಯಿಗಳು ಬೀಳುವುದು ಪ್ರತಿ ಮುಂಗಾರಿನಲ್ಲೂ ಇದ್ದದ್ದೇ. ಈ ಸಲ ನಾಯಿಗಳು ತೊಡೆಗೆ ಕಚ್ಚಿದ ಒಂದು ಹೆಣ್ಣು ಚಿಗರಿ ನಮ್ಮ ಬದುವಿನ ಬದಿಯಲ್ಲಿ ಬಿದ್ದಿತ್ತು. ಯಾರಿಗೆ ಹೇಳಬೇಕೆಂದು ತಿಳಿಯದೆ ಅಲ್ಲಿಲ್ಲಿ ಕೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಗಾಯ ದೊಡ್ಡದಿರಲಿಲ್ಲ, ಹೊಲಿಗೆಯೂ ಆಯಿತು, ಆದರೂ ಮೂರನೆಯ ದಿನ ಅದು ಸತ್ತಿತು. ದನಕರುಗಳಿಗಾಗಿ 1962ಕ್ಕೆ ಕರೆ ಮಾಡಿದರೆ ಬರುವ ವಾಹನವನ್ನು ಕಾಡುಪ್ರಾಣಿಗಳಿಗೂ ಬಳಸಲು ಬರುವುದಿಲ್ಲವೇ? ಅಥವಾ ಅವುಗಳಿಗೆ ಪ್ರತ್ಯೇಕ ವಾಹನವೇ ಬೇಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಗದಗದ ಪಶುವೈದ್ಯ

ನಮಸ್ಕಾರ. 1962ರ ವಾಹನಗಳನ್ನು ಕೇಂದ್ರದ ಯೋಜನೆಯಡಿ ಒಂದು ಲಕ್ಷ ಜಾನುವಾರುಗಳಿಗೆ ಒಂದರ ಲೆಕ್ಕದಲ್ಲಿ ಕೊಡಲಾಗಿದ್ದು, ಅದರಲ್ಲಿ ಒಬ್ಬ ಪಶುವೈದ್ಯ, ಒಬ್ಬ ಸಹಾಯಕ ಮತ್ತು ಒಬ್ಬ ಚಾಲಕ ಇರುತ್ತಾರೆ. ಎಮ್ಮೆಗೆ ಸಲೈನ್ ಹಚ್ಚುವ ವೈದ್ಯ ಚಿಗರಿಯ ಗಾಯಕ್ಕೂ ಹೊಲಿಗೆ ಹಾಕಬಲ್ಲ. ತೊಡಕು ಇರುವುದು ಬೇರೆ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಪ್ರಾಣಿಯನ್ನು ಹಿಡಿಯುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದೆ; ಕೃಷ್ಣಮೃಗವಂತೂ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಹೀಗಾಗಿ ಅರಣ್ಯ ಇಲಾಖೆಯವರು ಸ್ಥಳದಲ್ಲಿ ಇಲ್ಲದಿದ್ದರೆ ಅದನ್ನು ಮುಟ್ಟಲು ಯಾವ ವೈದ್ಯನಾದರೂ ಹಿಂದೆಮುಂದೆ ನೋಡುತ್ತಾನೆ. ಮೊದಲ ಕರೆ ಅರಣ್ಯ ಇಲಾಖೆಯ 1926ಕ್ಕೆ ಇಲ್ಲವೇ ವಲಯ ಅರಣ್ಯಾಧಿಕಾರಿಗೆ ಹೋಗಬೇಕು. ವೈದ್ಯರನ್ನು ಅವರೇ ಕರೆಸುತ್ತಾರೆ.

ಹೊಲಿಗೆ ಹಾಕಿದರೂ ಅದು ಸತ್ತಿತು ಎಂದು ಬರೆದಿದ್ದೀರಿ. ನಾನು ಆ ಪ್ರಾಣಿಯನ್ನು ನೋಡಿಲ್ಲ, ಆದರೆ ಚಿಗರಿಯ ವಿಷಯದಲ್ಲಿ ಗಾಯಕ್ಕಿಂತ ಓಟ ಮತ್ತು ಅಂಜಿಕೆಯೇ ಹೆಚ್ಚು ಕೊಲ್ಲುತ್ತವೆ. ಮೊದಲು ನಾಯಿಗಳು ಬೆನ್ನಟ್ಟಿ, ಆಮೇಲೆ ಜನರು ಸುತ್ತುಗಟ್ಟಿ ಹಿಡಿದಾಗ ಅದರ ಮೈಕಾವು 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸ್ನಾಯುಗಳು ಒಳಗೊಳಗೇ ಒಡೆದು ಅವುಗಳ ಕೆಂಪು ಅಂಶ ರಕ್ತದೊಂದಿಗೆ ಮೂತ್ರಪಿಂಡಕ್ಕೆ ಇಳಿಯುತ್ತದೆ, ಮೂತ್ರವು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಒಂದೆರಡು ದಿನ ಎದ್ದು ಓಡಾಡಿದ ಪ್ರಾಣಿಯೂ ಆಮೇಲೆ ಹಠಾತ್ತನೆ ಬಿದ್ದು ಸಾಯುವುದುಂಟು. ಆದ್ದರಿಂದ ವಾಹನ ಬರುವವರೆಗಿನ ಒಂದು ತಾಸು ಬಹಳ ಮುಖ್ಯ. ನಾಯಿಗಳನ್ನು ಓಡಿಸಿ, ಜನರನ್ನು ದೂರ ಕಳುಹಿಸಿ, ಇಬ್ಬರಷ್ಟೇ ಹತ್ತಿರ ಇದ್ದು, ಮೂಗು ಬಿಟ್ಟು ಕಣ್ಣಿಗೆ ಮಾತ್ರ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿ ಇಡಬೇಕು. ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಅಡ್ಡ ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎದೆ ನೆಲಕ್ಕೆ ತಾಗುವಂತೆ ಕೂರಿಸಿ ಕತ್ತು ಮೇಲಿರುವಂತೆ ಹಿಡಿಯಬೇಕು. ಬಾಯಿಗೆ ನೀರು ಹೊಯ್ಯುವುದನ್ನು ದಯವಿಟ್ಟು ಬಿಡಿ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಬಗ್ಗೆ ಬರೆಯದಿರುವುದೇ ವಾಸಿ.

ನನ್ನ ಮಟ್ಟಿಗೆ ಹೊಸ ವಾಹನಕ್ಕಿಂತ ಮೊದಲು ಪ್ರತಿ ತಾಲ್ಲೂಕಿನಲ್ಲಿ ವನ್ಯಜೀವಿ ಚಿಕಿತ್ಸೆಯ ತರಬೇತಿ ಪಡೆದ ಒಬ್ಬ ವೈದ್ಯ ಬೇಕು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೂ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯವೂ ಇರುವುದರಿಂದ ಆ ತರಬೇತಿಗೆ ದೂರ ಹೋಗಬೇಕಾಗಿಲ್ಲ.

ಉತ್ತರ: ಮುಂಡರಗಿಯ ನಿವೃತ್ತ ಅರಣ್ಯ ರಕ್ಷಕ

ಡಾಕ್ಟರ್ ಸಾಹೇಬರ ಮಾತು ಚಿಗರಿಗೆ ಸರಿ, ಆದರೆ ಚಿರತೆಗೆ ಅಷ್ಟು ಸಾಲದು. ಗದಗ ಜಿಲ್ಲೆಯ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 244 ಚದರ ಕಿಲೋಮೀಟರ್ ಗುಡ್ಡದ ಸುತ್ತ ಹೊಲಗಳೇ ಇವೆ. ಹಂದಿಗೆಂದು ಬೈಕಿನ ಕ್ಲಚ್ ವಾಯರಿನಿಂದ ಕಟ್ಟಿದ ಉರುಳಿಗೆ ಚಿರತೆ ಸಿಕ್ಕರೆ ವಾಯರು ಹೆಚ್ಚಾಗಿ ನಡುವಿಗೇ ಬಿಗಿಯುತ್ತದೆ. ಅದು ಜಿಗಿದಷ್ಟೂ ವಾಯರು ಒಳಗೆ ಕೊರೆಯುತ್ತದೆ, ಗೂಟ ಕಿತ್ತರೆ ಎದುರಿಗಿದ್ದವರ ಮೇಲೆ ಬೀಳುತ್ತದೆ. ಅಲ್ಲಿ ಮದ್ದಿನ ಸೂಜಿ ಹಾರಿಸುವ ಡಾರ್ಟ್ ಬಂದೂಕು, ಮಂಪರು ಬರಿಸುವ ಝೈಲಜೀನ್ ಮತ್ತು ಕೆಟಮಿನ್, ಎಚ್ಚರಗೊಳಿಸುವ ಯೋಹಿಂಬಿನ್, ಬಲೆ, ಪಂಜರ ಇವೆಲ್ಲ ಒಂದೇ ವಾಹನದಲ್ಲಿ ಇರಬೇಕು. ಒಂದನ್ನು ಒಂದು ಜಿಲ್ಲೆಯಿಂದ, ಇನ್ನೊಂದನ್ನು ಮತ್ತೊಂದು ಜಿಲ್ಲೆಯಿಂದ ತರಿಸುತ್ತ ಕುಳಿತರೆ ಕತ್ತಲಾಗುತ್ತದೆ. ಚುಚ್ಚುಮದ್ದು ತಗುಲಿದ ಮೇಲೂ 10–15 ನಿಮಿಷ ಸದ್ದಿಲ್ಲದೆ ಕಾಯಬೇಕು, ಜನ ಕೂಗಾಡಿದರೆ ಮದ್ದು ಸರಿಯಾಗಿ ಏರುವುದೇ ಇಲ್ಲ. ಬಿಡಿಸಿದ ಕೂಡಲೇ ಕಾಡಿಗೆ ಅಟ್ಟುವುದೂ ತಪ್ಪು. ವಾಯರು ಬಿಗಿದ ಜಾಗದ ಮಾಂಸ ಕೆಲವು ದಿನಗಳ ಮೇಲೆ ಕೊಳೆಯಲಾರಂಭಿಸುತ್ತದೆ, ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ; ಪಂಜರದಲ್ಲಿಟ್ಟು ನೋಡಿಕೊಳ್ಳುವ ಜಾಗವನ್ನು ಮೊದಲೇ ಗೊತ್ತುಮಾಡಿರಬೇಕು.

ಇನ್ನೊಂದು ಮಾತು. ಸುದ್ದಿ ಕೊಟ್ಟವನನ್ನೇ ಮೊದಲು ವಿಚಾರಣೆಗೆ ಕೂರಿಸಿದರೆ, ಉರುಳು ತನ್ನ ಹೊಲದಲ್ಲಿದ್ದರೂ ಕಟ್ಟಿದವನು ತಾನಲ್ಲದ ರೈತ ಫೋನ್ ಮಾಡುವುದಿಲ್ಲ. ವಾಹನ ಎಷ್ಟು ಬೇಗ ಬಂದರೂ ಕರೆಯೇ ಸಂಜೆಗೆ ಬಂದರೆ ಏನು ಉಪಯೋಗ?

ಮರುಪ್ರಶ್ನೆ: ರಾಣೆಬೆನ್ನೂರು ತಾಲ್ಲೂಕಿನ ರೈತ

ಇಬ್ಬರಿಗೂ ಧನ್ಯವಾದಗಳು. ನಾವು ನಾಲ್ಕೈದು ಜನ ಆ ಚಿಗರಿಯನ್ನು ಬರಿಗೈಯಲ್ಲಿ ಎತ್ತಿ ನೆರಳಿಗೆ ತಂದಿದ್ದೆವು. ನನ್ನ ಅಣ್ಣನ ಅಂಗೈಯಲ್ಲಿ ಕುಡಗೋಲಿನ ಹಸಿ ಗಾಯ ಇತ್ತು. ಇದರಿಂದ ಏನಾದರೂ ತೊಂದರೆಯೇ?

ಉತ್ತರ: ಗದಗದ ಪಶುವೈದ್ಯ

ತಡಮಾಡದೆ ಇಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕಚ್ಚಿದ ನಾಯಿಗೆ ಹುಚ್ಚು ಇದ್ದಿದ್ದರೆ ಅದರ ಜೊಲ್ಲು ಚಿಗರಿಯ ಗಾಯದಲ್ಲಿ, ತೊಗಲಿನ ಮೇಲೆ ಇದ್ದೇ ಇರುತ್ತದೆ, ಅದು ಹಸಿ ಗಾಯಕ್ಕೆ ತಾಗಿದರೆ ರೇಬಿಸ್ ಹರಡಬಲ್ಲದು. ಅಂದೇ ಆಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ ಎನ್ನುತ್ತಿದ್ದೆ. ಈಗ ದಿನಗಳು ಕಳೆದಿದ್ದರೂ ಲಸಿಕೆ ಹಾಕಿಸಬಹುದು, ಹಾಕಿಸಲೇಬೇಕು. ಎತ್ತಿದ ಉಳಿದವರ ಕೈಯಲ್ಲಿ ತರಚು ಗಾಯ ಇತ್ತೇ ಎಂದೂ ಕೇಳಿ, ಇದ್ದವರನ್ನು ಜೊತೆಗೇ ಕರೆದುಕೊಂಡು ಹೋಗಿ.