ಸ್ಪ್ರಿಂಗ್‌ಫೀಲ್ಡ್ ಮಾದರಿ ರೈಲು ಮೇಳ: ಹಳೇ ಎಚ್‌ಒ ಎಂಜಿನ್, ವ್ಯಾಗನ್ ಕೊಳ್ಳುವಾಗ ಏನೇನು ನೋಡಬೇಕು?

ಹಳಿಪ್ರಿಯ:
ಜನವರಿ ಕೊನೆಗೆ ಅಮೆರಿಕದ ಮ್ಯಾಸಚೂಸೆಟ್ಸಿನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆಯುವ ಆಮ್ಹರ್ಸ್ಟ್ ರೈಲ್ವೆ ಸೊಸೈಟಿ ಮೇಳಕ್ಕೆ ಹೋಗುವವನಿದ್ದೇನೆ. ನನ್ನದು ಎಚ್‌ಒ ಅಳತೆಯ ಮಾದರಿ ರೈಲು (ಅಸಲಿಯ 1:87), ಸದ್ಯಕ್ಕೆ ಡಿಸಿ (ಹಳಿಯ ವೋಲ್ಟೇಜಿನಿಂದಲೇ ವೇಗ ನಿಯಂತ್ರಣ), ಮುಂದೆ ಡಿಸಿಸಿ (ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ) ಮಾಡುವ ಯೋಚನೆ. ಕೈಯಲ್ಲಿ 200 ಡಾಲರ್. ಒಂದು ಡೀಸೆಲ್ ಎಂಜಿನ್, ಆರೇಳು ಗೂಡ್ಸ್ ವ್ಯಾಗನ್, ಸ್ವಲ್ಪ ಹಳಿ ಬೇಕು. ಹಳೇ ಮಾಲಿನಲ್ಲಿ ಯಾವುದು ನಿಜಕ್ಕೂ ಅಗ್ಗ, ಯಾವುದು ಮನೆಗೆ ತಂದಮೇಲೆ ದುಬಾರಿ? ಒಂದಿಷ್ಟು ಸಾಮಾನು ಆಮೇಲೆ ಮೈಸೂರಿಗೂ ಹೋಗಬೇಕು.

ಡೀಸೆಲ್‌ಶೆಡ್:
ಚೀಟಿಯ ಬೆಲೆಗೆ ರಿಪೇರಿ ಖರ್ಚನ್ನೂ ಕೂಡಿಸಿ ನೋಡಿ, ಅದೇ ನಿಜವಾದ ಬೆಲೆ.

ಜೇಬಿನಲ್ಲಿ ಒಂದು 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್ಪಿಗೆ ಎರಡು ವೈರ್ ಇರಲಿ. ಮಾರುವವರನ್ನು ಕೇಳಿಕೊಂಡು ಎಂಜಿನ್ ಮಗುಚಿ ಹಿಡಿದು ಒಂದು ವೈರ್ ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ ಮುಟ್ಟಿಸಿ. ಮುಂದಿನ ಟ್ರಕ್ಕಿನಲ್ಲೂ (ಎಂಜಿನ್ ಕೆಳಗೆ ಚಕ್ರಗಳಿರುವ ಬೋಗಿ) ಹಿಂದಿನದರಲ್ಲೂ ಮಾಡಿ. ಆಮೇಲೆ ವೈರ್ ಅದಲುಬದಲು ಮಾಡಿ ಹಿಂದಕ್ಕೆ ಓಡಿಸಿ. ಟೈಕೋದಂಥ ಹಳೇ ಆಟಿಕೆ ಎಂಜಿನ್‌ಗಳು ಒಂದು ಟ್ರಕ್ಕಿನಿಂದ ಒಂದು ಹಳಿಯ ಕರೆಂಟನ್ನಷ್ಟೇ ತೆಗೆದುಕೊಳ್ಳುತ್ತವೆ. ಅಂಥವು ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ನಿಂತುಬಿಡುತ್ತವೆ, 10 ಡಾಲರಿಗೂ ಬೇಡ.

ಮೋಟಾರ್ ಗುಂಯ್‌ಗುಟ್ಟಿ ಚಕ್ರ ತಿರುಗದಿದ್ದರೆ ಬಹುಮಟ್ಟಿಗೆ ಗ್ರೀಸ್ ಗಟ್ಟಿಯಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಗೇರ್ ತೊಳೆದು, ಪ್ಲಾಸ್ಟಿಕ್ಕಿಗೆ ಒಗ್ಗುವ ಹೊಸ ಗ್ರೀಸ್ ತೆಳ್ಳಗೆ ಹಾಕಿದರೆ ಓಡುತ್ತದೆ. ಚೌಕಾಸಿಗೆ ಇದು ಒಳ್ಳೆಯ ನೆಪ.

ಲೈಫ್‌ಲೈಕ್‌ನ ಹಳೇ ಪ್ರೋಟೊ 2000 ಎಂಜಿನ್ನಿನ ಅಚ್ಚುಕಟ್ಟು ಕೆಲಸ ನನಗೆ ಬಹಳ ಇಷ್ಟ. ಆದರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ವರ್ಷ ಕಳೆದಂತೆ ಸೀಳುತ್ತದೆ. ಸೀಳಿದ ಕಡೆ ಹಲ್ಲುಗಳ ನಡುವಿನ ಅಂತರ ಹೆಚ್ಚಿ, ಚಕ್ರ ಒಂದು ಸುತ್ತು ಬಂದಾಗಲೆಲ್ಲ 'ಟಕ್' ಎನ್ನುತ್ತದೆ. ಅಥರ್ನ್‌ನ ಆಕ್ಸಲ್ ಗೇರ್ ಇದಕ್ಕೆ ಕೂರುತ್ತದೆ. ನಾಲ್ಕು ಆಕ್ಸಲ್ಲಿನ ಜಿಪಿ9 ಎಂಜಿನ್ನಿಗೆ 4, ಆರು ಆಕ್ಸಲ್ಲಿನ ಎಸ್‌ಡಿ9ಕ್ಕೆ 6 ಬೇಕು. ಒಂದು ಸೀಳಿದ್ದರೆ ಉಳಿದವೂ ಸೀಳುತ್ತವೆ, ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಚಕ್ರ ಮತ್ತೆ ಒತ್ತಿ ಕೂರಿಸಿದ ಮೇಲೆ ಚಕ್ರಗಳ ನಡುವಿನ ಅಂತರವನ್ನು ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಗೇಜಿನಲ್ಲಿ ಅಳೆಯಲೇಬೇಕು.

ಎರಕದ ಚಾಸಿ ಉಬ್ಬಿ ಬಿರುಕು ಬಿಟ್ಟಿದ್ದರೆ ಅದಕ್ಕೆ ಮದ್ದಿಲ್ಲ, ಮುಂದಕ್ಕೆ ಹೋಗಿ.

ಬ್ರೇಕ್‌ವ್ಯಾನ್:
ಡೀಸೆಲ್‌ಶೆಡ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಳದಲ್ಲಿ ರಾಶಿ ರಾಶಿ ಸಿಗುವುದು ಅಥರ್ನ್ ಕಂಪನಿಯ ಹಳೇ ಬ್ಲೂ ಬಾಕ್ಸ್ ಎಂಜಿನ್‌ಗಳು. ಗಟ್ಟಿ ಮಾಲು ನಿಜ, ಆದರೆ ಡಿಸಿಸಿ ಮಾಡಬೇಕೆಂದಿರುವವರು ಯೋಚಿಸಬೇಕು. ಮೋಟಾರಿನ ಕೆಳಗಿನ ಬ್ರಷ್ (ಮೋಟಾರಿಗೆ ಕರೆಂಟ್ ಮುಟ್ಟಿಸುವ ತುಂಡು) ನೇರ ಚಾಸಿಗೆ ತಾಗಿರುತ್ತದೆ. ಅದನ್ನು ಪೂರ್ತಿ ಬೇರ್ಪಡಿಸದೆ ಡಿಕೋಡರ್ (ಡಿಸಿಸಿ ಆಜ್ಞೆ ಓದುವ ಚಿಕ್ಕ ಬೋರ್ಡ್) ಜೋಡಿಸಿದರೆ ಡಿಕೋಡರ್ ಸುಟ್ಟುಹೋಗುತ್ತದೆ. ಬೆಸುಗೆ ಹಾಕಲು ಬರುವವರಿಗೆ ಬ್ಲೂ ಬಾಕ್ಸ್ ಲಾಭ. ಬರದಿದ್ದರೆ ಡಿಕೋಡರ್ ಚುಚ್ಚಲು 8 ಪಿನ್ ಸಾಕೆಟ್ ಇರುವ ಎಂಜಿನ್ನಿಗೆ ಸ್ವಲ್ಪ ಹೆಚ್ಚು ಕೊಡುವುದೇ ಮೇಲು.

ವ್ಯಾಗನ್ 5 ಡಾಲರಿಗೆ ಸಿಕ್ಕಿತೆಂದು ಹಿಗ್ಗಬೇಡಿ. ಕೊಕ್ಕೆಯಂಥ ಹಳೇ ಕಪ್ಲರ್ (ವ್ಯಾಗನ್‌ಗಳನ್ನು ಕೂಡಿಸುವ ಕೊಂಡಿ), ಪ್ಲಾಸ್ಟಿಕ್ ಚಕ್ರ ಇದ್ದರೆ ಒಂದೊಂದಕ್ಕೂ ಕೇಡೀ (Kadee) ಕಂಪನಿಯ 5ನೇ ನಂಬರಿನ ಕಪ್ಲರ್ ಎರಡು, 33 ಇಂಚಿನ (ಅಸಲಿ ವ್ಯಾಗನ್ನಿನ ಅಳತೆ) ಲೋಹದ ಚಕ್ರದ ಆಕ್ಸಲ್ ನಾಲ್ಕು ಬೇಕು. ಆ ಖರ್ಚೇ ವ್ಯಾಗನ್ನಿನ ಬೆಲೆಯನ್ನು ಮೀರಬಹುದು. ಇವೆರಡೂ ಮೊದಲೇ ಬದಲಾಗಿರುವ ವ್ಯಾಗನ್ 10 ಡಾಲರಿಗೆ ಸಿಕ್ಕರೆ ಅದೇ ಅಗ್ಗ. ಕೈಗೆ ತೀರಾ ಹಗುರವೆನಿಸಿದರೆ ತೂಕ ಸೇರಿಸಬೇಕಾಗುತ್ತದೆ: 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 6 ಇಂಚಿನ ವ್ಯಾಗನ್ನಿಗೆ 4 ಔನ್ಸ್, ಅಂದರೆ ಸುಮಾರು 113 ಗ್ರಾಂ.

ಹಳಿ ನಿಕಲ್ ಸಿಲ್ವರಿನದೇ ಆಗಿರಲಿ. ಹಿತ್ತಾಳೆ ಹಳಿಯ ಕಿಲುಬು ಕರೆಂಟ್ ತಡೆಯುತ್ತದೆ, ಉಕ್ಕಿನದು ತುಕ್ಕು ಹಿಡಿಯುತ್ತದೆ. ಬ್ಯಾಕ್‌ಮನ್ ಇ-ಜೆಡ್ ಟ್ರ್ಯಾಕಿನಲ್ಲಿ ಗುರುತಿಸುವುದು ಸುಲಭ: ಬೂದು ಬಣ್ಣದ ತಳ ಇದ್ದರೆ ನಿಕಲ್ ಸಿಲ್ವರ್, ಕಪ್ಪು ತಳ ಇದ್ದರೆ ಉಕ್ಕು. ಕೋಡ್ 100, ಕೋಡ್ 83 ಬೆರೆಸಿ ತರಬೇಡಿ. ಕೋಡ್ ಎಂದರೆ ಹಳಿಯ ಎತ್ತರದ ಅಳತೆ. ಎರಡರ ಎತ್ತರ ಬೇರೆ, ಅವು ಕೂಡುವ ಪ್ರತಿ ಸೇರುವೆಗೂ ಬೇರೆ ಜಾಯಿನರ್ (ಹಳಿ ಜೋಡಿಸುವ ತಗಡು) ಬೇಕಾಗುತ್ತದೆ.

ಮೇಜಿನಡಿ:
ಆಯ್ಕೆ ಮುಖ್ಯವಾದರೆ ಶನಿವಾರ ಬೆಳಿಗ್ಗೆ, ಬೆಲೆ ಮುಖ್ಯವಾದರೆ ಭಾನುವಾರ ಮಧ್ಯಾಹ್ನದ ಮೇಲೆ. ಮಾರುವವರಿಗೆ ಮತ್ತೆ ಎಲ್ಲ ತುಂಬಿಕೊಂಡು ಹೋಗುವ ಮನಸ್ಸಿರುವುದಿಲ್ಲ. ನಾಲ್ಕು ಕಟ್ಟಡಗಳಲ್ಲಿ ಮೇಳ ಹರಡಿಕೊಂಡಿರುತ್ತದೆ, ಹಾಗಾಗಿ ಇಷ್ಟವಾದ ಮೇಜಿನ ಫೋಟೋ ತೆಗೆದುಕೊಳ್ಳಿ, ಇಲ್ಲವಾದರೆ ಮತ್ತೆ ಸಿಗುವುದಿಲ್ಲ. 1, 5, 10ರ ನೋಟು ಇರಲಿ. ಒಂದೊಂದಕ್ಕೇ ಚೌಕಾಸಿ ಮಾಡುವ ಬದಲು ಆರು ವ್ಯಾಗನ್ ಒಟ್ಟಿಗೆ ಮುಂದಿಟ್ಟು 'ಎಲ್ಲಕ್ಕೂ ಸೇರಿ ಎಷ್ಟು?' ಎಂದು ಕೇಳಿ. ಡಬ್ಬಿ ತೆರೆಯದೆ ದುಡ್ಡು ಕೊಡಬೇಡಿ: ಡಬ್ಬಿಯ ನಂಬರೂ ಎಂಜಿನ್ ನಂಬರೂ ಒಂದೇ ಇದೆಯೇ, ಕೈಹಿಡಿ ಕಂಬಿ, ಮೆಟ್ಟಿಲು, ಹಾರ್ನ್ ಇವೆಯೇ ನೋಡಿ.

ಹಳಿಪ್ರಿಯ:
ತುಂಬಾ ಉಪಯೋಗವಾಯಿತು. ಮೈಸೂರಿಗೆ ಕಳಿಸಲು ಇಲ್ಲಿನ ಹಳೇ ಪವರ್ ಪ್ಯಾಕ್ (ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕೊಳ್ಳಬಹುದೇ? ಐದಾರು ಡಾಲರಿಗೆ ಸಿಗುತ್ತವಂತೆ.

ಡೀಸೆಲ್‌ಶೆಡ್:
ಬೇಡ ಸಾರ್. ಅವು 120 ವೋಲ್ಟ್, 60 ಹರ್ಟ್ಸಿಗೆ ಮಾಡಿದವು. ಅಲ್ಲಿನ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತವೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಹಾಕಿದರೂ 50 ಹರ್ಟ್ಸಿನಲ್ಲಿ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ಅಡಾಪ್ಟರ್ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದು ಅಚ್ಚಾಗಿದ್ದರೆ ಮಾತ್ರ ಕಳಿಸಿ. ಎಂಜಿನ್ನಿಗೆ ಈ ತಾಪತ್ರಯವಿಲ್ಲ, ಅಲ್ಲಿ ಸಿಗುವ 12 ವೋಲ್ಟ್ ಡಿಸಿ ಕಂಟ್ರೋಲರಿನಲ್ಲೇ ಓಡುತ್ತದೆ.