ಅಪ್‌ಡೇಟ್: ಹಾರ್ಟ್ನೆಲ್ ಚಿತ್ರದ ಉಡುಪಿನಲ್ಲಿರುವುದು ಕಮಲವೇ

1953ರ ಜೂನ್ 2ರಂದು ನಡೆದ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕಾಗಿ ಬ್ರಿಟಿಷ್ ವಸ್ತ್ರವಿನ್ಯಾಸಕ ನಾರ್ಮನ್ ಹಾರ್ಟ್ನೆಲ್ ಬರೆದ ಉಡುಪಿನ ಚಿತ್ರದ ಮುದ್ರಿತ ಪ್ರತಿಯೊಂದನ್ನು ನೋಡಿ, ಅದರಲ್ಲಿನ ಒಂದು ಹೂವು ಕಮಲವೇ ಎಂದು ನಾನು ಕೇಳಿದ್ದೆ. ಹೌದು, ಅದು ಭಾರತದ ಲಾಂಛನವಾಗಿ ಸೇರಿಸಿದ ಕಮಲವೇ ಎಂಬುದು ಈಗ ಖಚಿತವಾಗಿದೆ. ಉತ್ತರಿಸಿದವರಿಗೆಲ್ಲ ನಾನು ಋಣಿ.

ಹಾರ್ಟ್ನೆಲ್ ಒಟ್ಟು ಒಂಬತ್ತು ವಿನ್ಯಾಸಗಳನ್ನು ಸಿದ್ಧಪಡಿಸಿದ್ದರು. ಇಂಗ್ಲೆಂಡಿನ ಗುಲಾಬಿಯೂ ಸ್ಕಾಟ್ಲೆಂಡಿನ ಥಿಸಲ್ ಹೂವೂ ಇದ್ದ ಎಂಟನೆಯದನ್ನು ರಾಣಿ ಮೆಚ್ಚಿದರಾದರೂ, ಬಿಳಿ ಮತ್ತು ಬೆಳ್ಳಿಯ ಬಣ್ಣಗಳಷ್ಟೇ ಇದ್ದರೆ ಅದು ಹಾರ್ಟ್ನೆಲ್ ಅವರೇ 1947ರಲ್ಲಿ ರೂಪಿಸಿದ್ದ ತಮ್ಮ ಮದುವೆಯ ಉಡುಪನ್ನು ಹೋಲುತ್ತದೆಂದು ಭಾವಿಸಿದರು. ಹೀಗಾಗಿ ಲಾಂಛನಗಳಿಗೆ ಬಣ್ಣ ಬಂದಿತು. ಕಾಮನ್‌ವೆಲ್ತ್ ದೇಶಗಳ ಲಾಂಛನಗಳೂ ಇರಲಿ ಎಂದು ರಾಣಿಯೇ ಸೂಚಿಸಿದ ಮೇಲೆ ಮೂಡಿದ ಒಂಬತ್ತನೆಯ ವಿನ್ಯಾಸದಲ್ಲಿಯೇ ನಮ್ಮ ಕಮಲ ಅರಳಿದ್ದು. 1950ರಲ್ಲೇ ಗಣರಾಜ್ಯವಾಗಿದ್ದ ಭಾರತಕ್ಕೂ ಅಲ್ಲಿ ಸ್ಥಾನ ದೊರೆತದ್ದು ನನಗೆ ಬಹಳ ವಿಶೇಷವೆನಿಸಿತು.

ಚಿತ್ರದಲ್ಲಿ ಕುಂಚದ ಸಣ್ಣ ಗುರುತಿನಂತೆ ಕಾಣುವ ಆ ಹೂವನ್ನು ಬಿಳಿ ಸ್ಯಾಟಿನ್ ಉಡುಪಿನ ಮೇಲೆ ಮುತ್ತಿನ ಚಿಪ್ಪು, ಪುಟ್ಟ ಮುತ್ತುಗಳು ಮತ್ತು ಹೊಳೆಯುವ ಹರಳುಗಳಿಂದ ಕಸೂತಿ ಮಾಡಲಾಗಿತ್ತು.