ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ಓಡಾಟ: ಮನೆ ಎಲ್ಲಿ ಮಾಡಬೇಕು?

ಪ್ರಶ್ನೆ: ಮುಂದಿನ ತಿಂಗಳು ತುಮಕೂರಿಗೆ ಬರುತ್ತಿದ್ದೇನೆ. ಯಶವಂತಪುರದ ಕಚೇರಿಗೆ ದಿನವೂ ಹೋಗಿಬರಬೇಕು. ಗುಬ್ಬಿ ಗೇಟ್ ಕಡೆ ಕಡಿಮೆ ಬಾಡಿಗೆಗೆ ಮನೆಯೊಂದು ಸಿಕ್ಕಿದೆ. ಬಸ್ಸೋ, ರೈಲೋ? ಓಡಾಡಿದ ಅಕ್ಕಂದಿರು, ಅಣ್ಣಂದಿರು ತಿಳಿಸಿ.

ಉತ್ತರ: ಬಾಡಿಗೆಯೊಂದನ್ನೇ ನೋಡಿ ಮುಂಗಡ ಕೊಟ್ಟುಬಿಡಬೇಡಿ, ತಂಗಿ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಎಂದು ಎಲ್ಲರೂ ಹೆದರಿಸುತ್ತಾರೆ. ನಿಜವಾಗಿ ಹೈರಾಣಾಗಿಸುವುದು ಊರೊಳಗಿನ ಬಿ.ಎಚ್. ರಸ್ತೆ. ಶಿವಮೊಗ್ಗ, ತಿಪಟೂರು ಕಡೆಯ ಬಸ್ಸುಗಳು, ನಗರ ಸಾರಿಗೆ, ಕಾಲೇಜು ವಾಹನ, ಆಟೋ ಎಲ್ಲವೂ ಗುಬ್ಬಿ ಗೇಟ್‌ನಿಂದ ಬಟವಾಡಿಯವರೆಗೆ ಈ ಒಂದೇ ರಸ್ತೆಗೆ ಬೀಳುತ್ತವೆ. ಸಂಜೆ ಕಾಲೇಜು ಬಿಡುವ ಹೊತ್ತಿಗೆ ನೋಡಿ: ಮುಂದಿನ ಬಸ್ಸು ತಂಗುದಾಣ ಬಿಟ್ಟಿರುವುದಿಲ್ಲ, ಹಿಂದಿನದು ನಡುರಸ್ತೆಯಲ್ಲೇ ನಿಂತು ಜನರನ್ನು ಇಳಿಸುತ್ತದೆ. ಇಳಿಯುವವರ ಎಡಗಡೆಯಿಂದಲೇ ಆಟೋ ನುಗ್ಗುತ್ತದೆ. ಇಳಿಯುವಾಗ ದಯವಿಟ್ಟು ಹಿಂದೆ ನೋಡಿಯೇ ಕಾಲಿಡಿ.

ಆದ್ದರಿಂದ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಇಲ್ಲವೇ ಊರಿನ ಬೆಂಗಳೂರು ಕಡೆಯ ಅಂಚಿನಲ್ಲಿರುವ ಕ್ಯಾತ್ಸಂದ್ರದ ಕಡೆ ಮನೆ ಮಾಡಿ. ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಕ್ಯಾತ್ಸಂದ್ರದಲ್ಲೂ ನಿಲ್ದಾಣವಿದೆ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಯಶವಂತಪುರಕ್ಕೆ 2024ರಲ್ಲಿ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಕೂಡ ಶುರುವಾಗಿದೆ. ಮಾಸಿಕ ಪಾಸ್ ಮಾಡಿಸಿದರೆ ಖರ್ಚು ಬಹಳ ಇಳಿಯುತ್ತದೆ. ಪಾಸ್ ಇದೆಯೆಂದು ಕಾಯ್ದಿರಿಸಿದ ಬೋಗಿ ಹತ್ತುವಂತಿಲ್ಲ. ಸೂಪರ್‌ಫಾಸ್ಟ್ ರೈಲಿಗೆ ಹೆಚ್ಚುವರಿ ಶುಲ್ಕ ಸೇರಿಸಿಯೇ ಪಾಸ್ ಮಾಡಿಸಬೇಕು.

ಇನ್ನೊಬ್ಬರ ಉತ್ತರ: ರೈಲು ತಪ್ಪಿದ ದಿನ ಬಸ್ಸೇ ಗತಿ, ಅದನ್ನೂ ತಿಳಿದಿರಿ. ಸಾಮಾನ್ಯ ಸಾರಿಗೆಯಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಟಿಕೆಟ್ ಉಚಿತ, ಗುರುತಿನ ಚೀಟಿ ಕೈಯಲ್ಲಿರಲಿ. ರಾಜಹಂಸಕ್ಕೆ ಅದು ಅನ್ವಯಿಸುವುದಿಲ್ಲ. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಮೆಟ್ರೊ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಸೋಮವಾರ ಬೆಳಿಗ್ಗೆ ಅಲ್ಲಿ ಬಸ್ ನಿಲ್ಲಿಸುತ್ತಾರೆಯೇ ಎಂದು ನಿರ್ವಾಹಕರನ್ನು ಕೇಳಿ, ಇಳಿದು ಮೆಟ್ರೊ ಹಿಡಿಯಿರಿ. ಗೊರಗುಂಟೆಪಾಳ್ಯದ ದಟ್ಟಣೆ ತಪ್ಪುತ್ತದೆ. ವಾಪಸು ಬರುವಾಗ ಶಿರಾ, ಚಿತ್ರದುರ್ಗ ಕಡೆಯ ಬಸ್ಸು ಹತ್ತಿದರೆ ಊರೊಳಗೆ ಹೋಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬೈಪಾಸ್‌ನಲ್ಲೇ ಹೋಗುವುದಾದರೆ ಕ್ಯಾತ್ಸಂದ್ರದಲ್ಲಿ ಇಳಿಸಿಬಿಡುತ್ತಾರೆ. ರಾತ್ರಿ ಹೊತ್ತು ಅಲ್ಲಿಂದ ಗುಬ್ಬಿ ಗೇಟ್‌ಗೆ ಆಟೋದವರನ್ನು ಒಪ್ಪಿಸುವುದೇ ಕಷ್ಟ.

ಮನೆ ನೋಡಲು ಭಾನುವಾರ ಬರಬೇಡಿ. ಆವತ್ತು ಬಿ.ಎಚ್. ರಸ್ತೆ ಖಾಲಿ ಇರುತ್ತದೆ, ಎಲ್ಲವೂ ಹತ್ತಿರವೆನಿಸುತ್ತದೆ. ಕೆಲಸದ ದಿನ ಸಂಜೆ ಬಂದು, ಆ ಮನೆಯಿಂದ ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಿ, ಆಮೇಲೆ ಮುಂಗಡ ಕೊಡಿ.